ಕೊನೆಯ ಸ್ಟಾಪಿನಲ್ಲಿ ಹನ್ನೊಂದು ನಿಮಿಷ

ಅವರ ಬಲಗಿವಿಯ ಮೇಲಂಚು ಒಳಕ್ಕೆ ಮಡಚಿಕೊಂಡಿತ್ತು. ಮೂವತ್ತು ವರ್ಷ ಅಲ್ಲೊಂದು ಪೆನ್ಸಿಲ್ ಸಿಕ್ಕಿಸಿ ಸಿಕ್ಕಿಸಿ ಆದದ್ದು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಬರೆಯುವ ದಪ್ಪ ಪೆನ್ಸಿಲ್. ಅದು ಕೈಯಲ್ಲಿದ್ದಾಗಲೂ ಕಿವಿ ಅದಕ್ಕೆಂದೇ ಜಾಗ ಹಿಡಿದು ಕೂತ ಹಾಗೆ ಕಾಣುತ್ತಿತ್ತು. ಹೀಗೆ ಬರೆದ ಮೇಲೆ ಅನುಮಾನ ಬಂತು. ನನ್ನ ಹತ್ತಿರ ಉಳಿದಿರುವ ಅವರ ಒಂದೇ ಒಂದು ಫೋಟೊ ತೆಗೆದು ನೋಡಿದೆ. ಎಡಗಿವಿ. ಇಷ್ಟು ವರ್ಷ ಬಲಗಿವಿ ಎಂದೇ ನೆನಪಿಟ್ಟುಕೊಂಡಿದ್ದೆ. ಮೇಲಿನ ಸಾಲನ್ನು ಹೊಡೆದು ಹಾಕದೆ ಹಾಗೇ ಬಿಡುತ್ತೇನೆ. ಮುಂದೆ ಹೇಳುವುದನ್ನು ಎಷ್ಟು ನಂಬಬೇಕು ಎಂಬುದಕ್ಕೆ ಅದೊಂದು ಗುರುತಾಗಿರಲಿ.

ಅವರು ಅಂಕೋಲೆ ಬಸ್‌ಸ್ಟ್ಯಾಂಡಿನ ಕಂಟ್ರೋಲರು. ಊರಿನ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನನಗೆ ಗೊತ್ತಿಲ್ಲ. ಮದುವೆಯ ಕರೆಯೋಲೆಯ ಮೇಲೂ ಕಂಟ್ರೋಲರು ಎಂದೇ ಬರೆಯುತ್ತಿದ್ದರಂತೆ. ಮನೆ ಅವರ್ಸಾದಲ್ಲಿ, ಬೆಳಿಗ್ಗೆ ಆರಕ್ಕೆ ಬಂದು ಸಣ್ಣ ಕೋಣೆಯ ಕಿಂಡಿಯ ಹಿಂದೆ ಕೂತರೆಂದರೆ ಹುಬ್ಬಳ್ಳಿ, ಯಲ್ಲಾಪುರ, ಕುಮಟೆ, ಕಾರವಾರ ಎಲ್ಲ ಅವರ ಬಾಯಿಂದಲೇ ಹೊರಡಬೇಕು. ಮೈಕಿನಲ್ಲಿ ಹೇಳುವಾಗ ಪುಸ್ತಕದ ಕನ್ನಡ. ಮೈಕು ಆರಿಸಿದ ಕೂಡಲೇ ಮನೆಯ ಮಾತು.

ನಾನು ಕಾಲೇಜಿಗೆ ಕಾರವಾರಕ್ಕೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಮನೆ ಅಂಕೋಲೆಯಿಂದ ಎರಡು ಮೈಲಿ ಒಳಗೆ, ಗದ್ದೆಯ ಆಚೆ. ಏಳು ನಲವತ್ತರ ಬಸ್ಸು ಹಿಡಿಯಲು ದಿನಾ ಓಡುತ್ತಿದ್ದೆ. ಪೇಟೆಯ ತಿರುವಿನಲ್ಲಿ ನನ್ನ ತಲೆ ಕಂಡರೆ ಸಾಕು, ಅವರು ಡ್ರೈವರಿಗೆ ಒಂದು ಬೆರಳು ಎತ್ತಿ ತೋರಿಸುತ್ತಿದ್ದರು. ಒಂದು ನಿಮಿಷ. ಡ್ರೈವರು ಬಯ್ಯುತ್ತಿದ್ದ, ಪ್ರಯಾಣಿಕರು ಗೊಣಗುತ್ತಿದ್ದರು. ನಾನು ಹತ್ತಿದ ಮೇಲೆ ಇವರು ಸೀಟಿ ಊದುತ್ತಿದ್ದರು. ಹಾಗೆ ನನಗಾಗಿ ನಿಂತ ನಿಮಿಷಗಳನ್ನೆಲ್ಲ ಕೂಡಿಸಿದರೆ ಎಷ್ಟು ತಾಸಾದೀತೋ. ಧಾರವಾಡದಲ್ಲಿ ಎಂ.ಎ. ಮುಗಿಸಿ ಅದೇ ಕಾರವಾರದ ಕಾಲೇಜಿನಲ್ಲಿ ಇತಿಹಾಸ ಹೇಳುವ ಕೆಲಸ ಸಿಕ್ಕಿದಾಗ ಮೊದಲು ಪೇಡೆ ಕೊಟ್ಟದ್ದು ಅವರಿಗೆ. ಒಂದು ತುಂಡು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಅಂದಿನ ಏಳು ನಲವತ್ತರ ಡ್ರೈವರಿಗೆ ಕೊಟ್ಟರು. "ನಿನ್ನ ಸಲುವಾಗಿ ಬೈಸ್ಕೊಂಡವ ಇವ" ಎಂದರು.

ಈಗ ಎವರೆಸ್ಟಿನ ಬೇಸ್ ಕ್ಯಾಂಪಿನ ವಿಷಯ. ಎರಡು ಸಾವಿರದ ಏಳು. ನೇಪಾಳದ ಮಾವೋವಾದಿಗಳ ಗದ್ದಲ ತಣ್ಣಗಾಗಿತ್ತು. ಕಾರವಾರದಲ್ಲಿ ನನಗೆ ಇಬ್ಬರು ಗೆಳೆಯರು. ಒಬ್ಬ ಬ್ಯಾಂಕಿನಲ್ಲಿ ಆಫೀಸರು, ಇನ್ನೊಬ್ಬ ಪೇಟೆಯಲ್ಲಿ ಔಷಧದ ಅಂಗಡಿಯವ, ಮನೆಮಾತು ಕೊಂಕಣಿ. ಬ್ಯಾಂಕಿನವ ಒಂದು ಸಂಜೆ ಸೈಬರ್ ಕೆಫೆಯಿಂದ ಹತ್ತು ಹಾಳೆ ಪ್ರಿಂಟ್ ತೆಗೆಸಿಕೊಂಡು ಬೀಚಿಗೆ ಬಂದ. ಕಠ್ಮಂಡುವಿನ ಗೈಡ್ ಒಬ್ಬ ಎವರೆಸ್ಟಿನ ಬೇಸ್ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತಾನೆ. ವಿಮಾನ ಇಳಿದ ಮೇಲೆ ಎಂಟು ದಿನ ಹತ್ತುವುದು, ಮೂರು ದಿನ ಇಳಿಯುವುದು. ಮೂವರೂ ಮಧ್ಯವಯಸ್ಸಿಗೆ ಕಾಲಿಟ್ಟವರು. ಏನಾದರೂ ಒಂದು ಮಾಡಬೇಕು ಎಂಬ ಚಡಪಡಿಕೆ ಮೂವರಲ್ಲೂ ಇತ್ತು. ಹೋಗುವುದೆಂದು ಅಲ್ಲೇ ನಿಶ್ಚಯವಾಯಿತು.

ಮರುದಿನ ಬಸ್ಸಿಗೆ ಕಾಯುತ್ತ ಕಂಟ್ರೋಲರಿಗೆ ಸುಮ್ಮನೆ ಹೇಳಿದೆ. ಸುಮ್ಮನೆಯೇ? ಸ್ವಲ್ಪ ಜಂಬವೂ ಇತ್ತೆಂದು ಕಾಣುತ್ತದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ ಎಂದು. ಬಸ್ಸೇ ಇಲ್ಲ, ರಸ್ತೆಯೂ ಇಲ್ಲ ಎಂದೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೈಯಲ್ಲಿ ತಿರುಗಿಸಿದರು.

"ಇಷ್ಟು ವರ್ಷ ಎಲ್ಲಾ ಬಸ್ಸನ್ನೂ ಕೊನೇ ಸ್ಟಾಪಿಗೆ ಕಳ್ಸಿದೆ ತಮಾ. ನಾ ಮಾತ್ರ ಈ ಕಟ್ಟೆ ಬಿಟ್ಟು ಇಳೀಲಿಲ್ಲ. ಬಸ್ಸೇ ಹೋಗದ ಸ್ಟಾಪು ಅಂದ್ರೆ ಖರೇ ಕೊನೇದು ಅದೇಯ. ನಾನೂ ಬರ್ತೆ."

ನಾನು ನಕ್ಕೆ. ಅವರು ನಗಲಿಲ್ಲ. ಐವತ್ತಾರು ವಯಸ್ಸು, ನಿವೃತ್ತಿಗೆ ಎರಡು ವರ್ಷ. ಕೂಡಿಬಿದ್ದ ರಜೆ ನಮ್ಮ ಮೂವರದ್ದು ಸೇರಿಸಿದ್ದಕ್ಕಿಂತ ಹೆಚ್ಚು. ಕಾರವಾರದ ಡಾಕ್ಟರು ನಾಲ್ವರನ್ನೂ ಪರೀಕ್ಷೆ ಮಾಡಿ, ಕಂಟ್ರೋಲರಿಗೆ ರಕ್ತದೊತ್ತಡಕ್ಕೆ ಒಂದು ಸಣ್ಣ ಗುಳಿಗೆ ಬರೆದು, ನಿಧಾನ ನಡೆದರೆ ಹೋಗಬಹುದು ಎಂದರು. ನಿಧಾನ ನಡೆಯುವ ಮಾತು ನಾಲ್ವರಿಗೂ ಹೇಳಿದ್ದು. ಆದರೆ ಆಮೇಲೆ ನಾವು ಮೂವರೂ ಅದನ್ನು ಅವರೊಬ್ಬರಿಗೇ ಹೇಳಿದ್ದೆಂಬಂತೆ ಮಾತಾಡಿಕೊಂಡೆವು.

ಯೋಜನೆಯ ಹಾಳೆಗಳು ಒಂದೇ ವಾರದಲ್ಲಿ ಬ್ಯಾಂಕಿನವನ ಕೈಯಿಂದ ಕಂಟ್ರೋಲರ ಕಿಂಡಿಗೆ ಹೋದವು. ಹಳೆಯ ಶೆಡ್ಯೂಲ್ ಹಾಳೆಗಳ ಹಿಂಬದಿಯಲ್ಲಿ ಅವರು ಇಡೀ ಚಾರಣವನ್ನು ಬಸ್ಸಿನ ವೇಳಾಪಟ್ಟಿಯ ಹಾಗೆ ಬರೆದರು. ಎಡಗಡೆ ಊರು: ಲುಕ್ಲಾ, ನಾಮ್ಚೆ, ದಿಂಗ್ಬೋಚೆ. ನಡುವೆ ತಲುಪುವ ಹೊತ್ತು, ಹೊರಡುವ ಹೊತ್ತು. ಬಲಗಡೆ, ಯಾರ ಚೀಲದಲ್ಲಿ ಏನು. ನಡೆಯುವುದು ನೀಲಿಯಲ್ಲಿ, ನಿಲ್ಲುವುದು ಕೆಂಪಿನಲ್ಲಿ. ಗೈಡಿಗೆ ಅವರು ಹೇಳಿ ಬರೆಸಿದ ಪ್ರಶ್ನೆಗಳನ್ನು ನಾನು ಸೈಬರ್ ಕೆಫೆಯಲ್ಲಿ ಇಂಗ್ಲಿಷಿಗೆ ಹಾಕಿ ಕಳಿಸುತ್ತಿದ್ದೆ: ದಾರಿಯಲ್ಲಿ ಎದುರಿಗೆ ಎಮ್ಮೆಯಂಥ ಪ್ರಾಣಿ ಬಂದರೆ ಸೈಡು ಕೊಡುವುದು ಯಾವ ಕಡೆ, ಗುಡ್ಡದ ಕಡೆಯೋ ಹೊಳೆಯ ಕಡೆಯೋ. ಇಂಥ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಮೊದಲೇ ಕೇಳಿರಲಿಲ್ಲ, ಗುಡ್ಡದ ಕಡೆಯೇ ನಿಲ್ಲಬೇಕು ಎಂದು ಅವನು ಉತ್ತರ ಬರೆದ.

ಗೈಡಿನ ಪಟ್ಟಿಯಲ್ಲಿ ಎರಡು ದಿನ ನಡಿಗೆಯೇ ಇರಲಿಲ್ಲ. ಮೇಲಿನ ತೆಳು ಗಾಳಿಗೆ ಮೈ ಒಗ್ಗಲೆಂದು ಎರಡು ಕಡೆ ಒಂದೊಂದು ದಿನ ಸುಮ್ಮನೆ ಕೂರಬೇಕು. ಬ್ಯಾಂಕಿನವನಿಗೆ ರಜೆ ಕಡಿಮೆ. ಅದರಲ್ಲೊಂದು ದಿನ ತೆಗೆದುಬಿಡುವಾ ಎಂದ. ಕಂಟ್ರೋಲರು ಒಪ್ಪಲಿಲ್ಲ. ರಾತ್ರಿ ಹಳ್ಳಿಯಲ್ಲಿ ಉಳಿಯುವ ವಸ್ತಿ ಬಸ್ಸಿನ ಉದಾಹರಣೆ ಕೊಟ್ಟರು. ವಸ್ತಿ ಅಂದರೆ ಬಸ್ಸು ನಿಂತದ್ದಲ್ಲ, ನಾಳೆ ಬೆಳಗಿನ ಬಸ್ಸು ಅಲ್ಲೇ ತಯಾರಾಗುವುದು. ವಸ್ತಿ ತೆಗೆದರೆ ಬೆಳಿಗ್ಗೆ ಹಳ್ಳಿಯಲ್ಲಿ ಬಸ್ಸೇ ಇರುವುದಿಲ್ಲ ಎಂದರು. ಆ ಎರಡು ದಿನಗಳ ಮೇಲೆ ಕೆಂಪು ಗೆರೆ ಎರಡೆರಡು ಸಲ ಎಳೆದರು.

ಚಳಿಯದ್ದು ಇನ್ನೊಂದು ಕತೆ. ನಮ್ಮ ಸೀಮೆಯಲ್ಲಿ ಸ್ವೆಟರ್ ಅಂದರೆ ಹುಬ್ಬಳ್ಳಿಗೆ ಹೋಗುವವರ ಪೆಟ್ಟಿಗೆಯಲ್ಲಿ ಇರುವ ವಸ್ತು. ತಂದ ಜಾಕೀಟು, ಬೂಟು ಸಾಕಾಗುತ್ತವೋ ಇಲ್ಲವೋ ನೋಡುವುದು ಹೇಗೆ? ಕಂಟ್ರೋಲರು ಬೈತಖೋಲ್ ಬಂದರಿನ ಐಸ್ ಪ್ಲಾಂಟಿನ ಮಾಲಕನಿಗೆ ಹೇಳಿ ವ್ಯವಸ್ಥೆ ಮಾಡಿದರು. ಮೀನಿಗೆ ಹಾಕುವ ಐಸಿನ ಕೋಣೆ. ನಾಲ್ವರೂ ಜಾಕೀಟು, ಟೊಪ್ಪಿ, ಕೈಗವಸು ಹಾಕಿಕೊಂಡು ಐಸಿನ ಗಡ್ಡೆಗಳ ಮೇಲೆ ಗೋಣಿ ಹಾಸಿ ಕೂತೆವು. ಕಂಟ್ರೋಲರು ಗಡಿಯಾರ ನೋಡುತ್ತ ಅರ್ಧ ತಾಸು ಎಂದರು. ಹತ್ತನೇ ನಿಮಿಷಕ್ಕೆ ಔಷಧದ ಅಂಗಡಿಯವ ಎದ್ದು, ಬಾಂಗಡೆಗೆ ಇಷ್ಟು ಚಳಿಯಾಗುತ್ತದೆಂದು ಗೊತ್ತಿದ್ದರೆ ತಿನ್ನುತ್ತಲೇ ಇರಲಿಲ್ಲ ಎಂದು ಹೊರಗೆ ಓಡಿದ. ಅಲ್ಲಿ ಕೆಲಸ ಮಾಡುವವರು ಲುಂಗಿ ಬನಿಯನ್ನಿನಲ್ಲಿ ಐಸು ಎಳೆಯುತ್ತ ನಮ್ಮನ್ನು ನೋಡಿ ನಗುತ್ತಿದ್ದರು. ನನ್ನ ಹತ್ತಿರ ಇರುವ ಫೋಟೊ ಆ ದಿನದ್ದು. ಹೊರಗೆ ಬಂದ ಮೇಲೆ ತೆಗೆದದ್ದು; ಸೆಖೆಯಲ್ಲಿ ಟೊಪ್ಪಿ ಕಳಚಿ, ಎಡಗಿವಿಯ ಮೇಲೆ ಪೆನ್ಸಿಲ್ ವಾಪಸು ಇಟ್ಟುಕೊಂಡು ಅವರು ನಿಂತಿದ್ದಾರೆ. ನಮ್ಮ ಜಾಕೀಟುಗಳಿಗೆ ಹತ್ತಿದ ಮೀನಿನ ವಾಸನೆ ನೇಪಾಳದವರೆಗೂ ಬಂತು.

ಇಲ್ಲಿಯವರೆಗೆ ಬರೆಯುವುದು ಸುಲಭವಿತ್ತು.

ಭಾನುವಾರಗಳಲ್ಲಿ ನಾವು ಕಾರವಾರದ ಹಿಂದಿನ ಗುಡ್ಡಳ್ಳಿ ಗುಡ್ಡ ಹತ್ತುತ್ತಿದ್ದೆವು. ಬೆನ್ನಿಗೆ ಐದೈದು ಕಿಲೊ ಉಪ್ಪಿನ ಪೊಟ್ಟಣ. ಮೊದಲ ಭಾನುವಾರವೇ, ಅರ್ಧ ದಾರಿಯ ತಿರುವಿನಲ್ಲಿ ನನಗೆ ಕಣ್ಣು ಕತ್ತಲೆ ಬಂತು. ಉಸಿರು ಮೇಲೆ ಹೋಗುತ್ತಿಲ್ಲ, ಕೆಳಗೂ ಇಳಿಯುತ್ತಿಲ್ಲ. ಗೆಳೆಯರಿಬ್ಬರೂ ಮುಂದೆ ಹೋಗಿದ್ದರು. ನನ್ನ ಹಿಂದೆ ಇದ್ದವರು ಕಂಟ್ರೋಲರು ಒಬ್ಬರೇ. ಪೊದೆಯ ಪಕ್ಕ ಬಗ್ಗಿ ವಾಂತಿ ಮಾಡಿಕೊಂಡೆ. ಅವರು ಬೆನ್ನು ತಟ್ಟಲಿಲ್ಲ, ಏನಾಯಿತು ಎಂದು ಕೇಳಲೂ ಇಲ್ಲ. ನನ್ನ ಚೀಲದ ಉಪ್ಪು ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಮೇಲಕ್ಕೆ ಮುಖ ಮಾಡಿ, ಮೈಕಿನಲ್ಲಿ ಹೇಳುವ ಧ್ವನಿಯಲ್ಲೇ ಕೂಗಿದರು: "ನನ್ನ ಮೊಣಕಾಲು ಹಿಡ್ಕಂಡದೆ. ಸ್ವಲ್ಪ ನಿಲ್ರೋ."

ಅವರ ಮೊಣಕಾಲಿಗೆ ಏನೂ ಆಗಿರಲಿಲ್ಲ.

ನಾಲ್ಕು ಭಾನುವಾರ ಹೀಗೇ ನಡೆಯಿತು. ನನಗೆ ಉಸಿರು ಕಟ್ಟಿದಾಗಲೆಲ್ಲ ಅವರ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಹತ್ತು ಕಿಲೊ ಉಪ್ಪು ಹೊತ್ತು, ನೋವಿಲ್ಲದ ಕಾಲು ಉಜ್ಜುತ್ತ ಕಲ್ಲಿನ ಮೇಲೆ ಕೂರುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಕಾಲೇಜಿನ ಮಾಸ್ತರನಾಗಿ, ಅವರಿಗಿಂತ ಹದಿನೆಂಟು ವರ್ಷ ಚಿಕ್ಕವನಾಗಿ, ನನ್ನಿಂದಾಗಿ ತಡವಾಗುತ್ತಿದೆ ಎಂದು ಹೇಳಲು ನಾಚಿಕೆ. ಐದನೇ ವಾರದ ಹೊತ್ತಿಗೆ ನನ್ನ ಉಸಿರು ಸುಧಾರಿಸಿತು, ಒಂದೇ ಏರಿಗೆ ಮೇಲೆ ಮುಟ್ಟಿದೆ. ಆದರೆ ಗೆಳೆಯರಿಬ್ಬರ ಮನಸ್ಸಿನಲ್ಲಿ ಆಗಲೇ ಲೆಕ್ಕ ಮುಗಿದಿತ್ತು.

ಔಷಧದ ಅಂಗಡಿಯಲ್ಲಿ ಒಂದು ಸಂಜೆ ಅವರಿಬ್ಬರೂ ಮಾತು ತೆಗೆದರು. ಮನುಷ್ಯ ಬಹಳ ಒಳ್ಳೆಯವರು, ಆದರೆ ಇಲ್ಲೇ ಹೀಗಾದರೆ ಅಲ್ಲಿ ಹೇಗೆ? ಅಲ್ಲಿ ಕೂತುಬಿಟ್ಟರೆ ನಮ್ಮೆಲ್ಲರದ್ದೂ ಹಾಳು. "ನಾವು ಎಕ್ಸ್‌ಪ್ರೆಸ್ಸು, ಅವರು ಶಟಲ್ ಗಾಡಿ" ಎಂದ ಬ್ಯಾಂಕಿನವ. ನಿನಗೆ ಹತ್ತಿರದವರು, ನೀನೇ ಹೇಳಬೇಕು ಎಂದರು. ಆಗಲಾದರೂ ನಾನು ನಿಜ ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ನಾನು ಹೇಳಿದ್ದು, ನೋಡುತ್ತೇನೆ ಎಂದು.

ಯಾಕೆ ಹೇಳಲಿಲ್ಲ? ಅವರ ಜೀವಕ್ಕೆ ಅಪಾಯವಾದೀತು ಎಂಬ ಹೆದರಿಕೆ ಎಂದು ಬಹುಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಆ ಹೆದರಿಕೆ ಇರಲೇ ಇಲ್ಲ ಎಂದಲ್ಲ. ಆದರೆ ಅದರ ಕೆಳಗೆ ಇನ್ನೊಂದಿತ್ತು. ನಾನು ಪೊದೆಯ ಪಕ್ಕ ಬಗ್ಗಿದ್ದನ್ನು ನೋಡಿದವರು ಜಗತ್ತಿನಲ್ಲಿ ಅವರೊಬ್ಬರೇ. ಅವರು ಜೊತೆಗೆ ಬಂದರೆ ಹಿಮಾಲಯದ ಉದ್ದಕ್ಕೂ ಆ ಕಣ್ಣು ನನ್ನ ಹಿಂದೆಯೇ ಬರುತ್ತದೆ. ಆ ಕಣ್ಣು ಒಮ್ಮೆಯೂ ನನ್ನನ್ನು ಚುಚ್ಚಿರಲಿಲ್ಲ. ಅದೇ ನನಗೆ ಕಷ್ಟವಾಗಿತ್ತೋ ಏನೋ.

ಬರಬೇಡಿ ಎಂದು ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಕಂಟ್ರೋಲರೇ ಒಂದು ದಾರಿ ತೆರೆದುಕೊಟ್ಟರು. ಅವರ ಹೆಂಡತಿಗೆ ಈ ಪ್ರಯಾಣ ಇಷ್ಟವಿರಲಿಲ್ಲ. ಕೊನೆಗೆ, ಮನೆದೇವರಲ್ಲಿ ಪ್ರಸಾದ ಕೇಳಿಸಿ, ಬಲ ಬಿದ್ದರೆ ಹೋಗಿ, ಎಡ ಬಿದ್ದರೆ ಇಲ್ಲ ಎಂದರಂತೆ. ನಮ್ಮ ಕರಾವಳಿಯಲ್ಲಿ ಮದುವೆಗೂ ಬಾವಿ ತೋಡುವುದಕ್ಕೂ ಕೇಳುವುದು ಹೀಗೆಯೇ. ದೇವರ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಹಚ್ಚಿ, ಭಟ್ಟರು ವಿಷಯ ಅರಿಕೆ ಮಾಡುತ್ತಾರೆ. ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ಉತ್ತರ. ಅವರ ಮನೆದೇವರು ಮಂಜಗುಣಿಯ ದಾರಿಯಲ್ಲಿ, ಹೊಳೆಗೆ ಹತ್ತಿರದ ಒಂದು ಸಣ್ಣ ಗುಡಿಯಲ್ಲಿ. ಅವರಿಗೆ ಆ ವಾರ ರಜೆ ಇಲ್ಲ. ಹೆಂಡತಿಯನ್ನು ಕಳಿಸಿದರೆ ದೇವರ ಮುಂದೆ ಅತ್ತು ಎಡವನ್ನೇ ಬೀಳಿಸಿಕೊಂಡು ಬರುತ್ತಾಳೆ ಎಂದು ನಕ್ಕರು. ನನಗೆ ಹೋಗಿ ಬರಲು ಹೇಳಿದರು. ನಾನು ದೇವರನ್ನು ನಂಬುವವನಲ್ಲ, ನನ್ನನ್ನು ಯಾಕೆ ಕಳಿಸುತ್ತೀರಿ ಎಂದೆ.

"ಅದಕ್ಕೇಯ. ನಂಬೂರು ತಮಗೆ ಬೇಕಾದ್ದು ನೋಡ್ತಾರೆ. ನೀ ಬಿದ್ದದ್ದು ನೋಡ್ತೆ."

ಶನಿವಾರ ಮಧ್ಯಾಹ್ನ ಹೋದೆ. ಮಳೆ. ಗುಡಿಯಲ್ಲಿ ಭಟ್ಟರೂ ನಾನೂ ಇಬ್ಬರೇ. ಕೇಪಳದ ಕೆಂಪು ಎಸಳುಗಳನ್ನು ನೀರಲ್ಲಿ ಅದ್ದಿ ಕಲ್ಲಿನ ಮೇಲೆ ಅಂಟಿಸಿದರು. ಅವರ್ಸಾದ ಇಂಥವರು ಉತ್ತರಕ್ಕೆ ದೊಡ್ಡ ಪರ್ವತದ ಬುಡಕ್ಕೆ ಹೋಗಿ ಬರಬೇಕೆಂದಿದ್ದಾರೆ, ಅಪ್ಪಣೆ ಇದೆಯೋ ಇಲ್ಲವೋ ತೋರಿಸಿಕೊಡು ಎಂದು, ಪರಿಚಯದವರಿಗೆ ಹೇಳುವ ಹಾಗೆ ಹೇಳಿದರು. ಕಾದೆವು. ಹಂಚಿನಿಂದ ನೀರು ಇಳಿಯುತ್ತಿತ್ತು. ಎಡ ಬೀಳಲಿ ಎಂದು ನಾನು, ನಂಬಿಕೆಯಿಲ್ಲದವನು, ಬೇಡಿಕೊಳ್ಳುತ್ತಿದ್ದೆ. ಎಷ್ಟು ಹೊತ್ತಾಯಿತೋ, ಬಲಭುಜದ ಎಸಳು ಸಡಿಲಾಗಿ, ಕಲ್ಲಿನ ಮೇಲೆ ಒಂದು ಗೇಣು ಜಾರಿ, ಪೀಠದ ಮೇಲೆ ಬಿತ್ತು. "ಬಲ ಆಯ್ತು. ಹೋಗಿ ಬರ್ಲಿ ಹೇಳಿ" ಎಂದು ಭಟ್ಟರು ಅದನ್ನು ಬಾಳೆಲೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. ಈ ವಿಷಯದಲ್ಲಿ ನನ್ನ ನೆನಪಿನ ಮೇಲೆ ನನಗೆ ಅನುಮಾನ ಇಲ್ಲ.

ಅಂಕೋಲೆಯಲ್ಲಿ ಇಳಿದಾಗ ಅವರು ಮೈಕಿನಲ್ಲಿದ್ದರು. ನನ್ನನ್ನು ಕಂಡರೂ ಹುಬ್ಬಳ್ಳಿ ಬಸ್ಸಿನ ಊರುಗಳನ್ನೆಲ್ಲ ಒಂದೂ ಬಿಡದೆ ಹೇಳಿ ಮುಗಿಸಿದರು. ಆಮೇಲೆ ಮೈಕು ಆರಿಸಿ ಕಿಂಡಿಗೆ ಮುಖ ತಂದರು.

"ಎಡ" ಎಂದೆ.

ಎರಡೂ ಕೈ ಕಿಂಡಿಯಿಂದ ಹೊರಗೆ ಚಾಚಿದರು. ಬಾಳೆಲೆಯ ತುಂಡನ್ನು ಅದರ ಮೇಲಿಟ್ಟೆ. ಬಿಡಿಸಿ, ಎಸಳನ್ನು ಕಣ್ಣಿಗೆ ಒತ್ತಿಕೊಂಡು, ಪೆನ್ಸಿಲ್ ಇಲ್ಲದ ಕಿವಿಯ ಮೇಲೆ ಇಟ್ಟುಕೊಂಡರು. ಒಮ್ಮೆ ಬಿದ್ದ ಮೇಲೆ ಬಲದ ಎಸಳಿಗೂ ಎಡದ ಎಸಳಿಗೂ ವ್ಯತ್ಯಾಸವಿಲ್ಲ. "ಹೌದಾ. ಆಯ್ತು ಬಿಡು" ಎಂದರು. ಮತ್ತೆ ಮೈಕು ಹಿಡಿದು ಯಲ್ಲಾಪುರದ ಬಸ್ಸು ಹೇಳಿದರು. ಧ್ವನಿ ಬದಲಾಗಿರಲಿಲ್ಲ ಎಂದು ನನಗೆ ನೆನಪು. ಹಾಗೆ ನೆನಪಿರುವುದು ನನಗೆ ಅನುಕೂಲ ಎಂಬುದೂ ಗೊತ್ತಿದೆ.

ಅವರು ಹಾಳೆಗಳನ್ನು ನಮಗೆ ವಾಪಸು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ನಾಲ್ವರ ಶೆಡ್ಯೂಲನ್ನು ಮೂವರಿಗೆ ಮತ್ತೆ ಬರೆದರು. ಚೀಲದ ಭಾರ ಹೊಸದಾಗಿ ಹಂಚಿದರು. ಒಣಮೀನಿನ ಚಟ್ನಿ, ಅವಲಕ್ಕಿ, ಬೆಲ್ಲ ಕಟ್ಟಿಸಿದರು. ನನ್ನ ಹೆಸರಿನ ಮುಂದೆ ಭಾರ ಎಲ್ಲರಿಗಿಂತ ಎರಡು ಕಿಲೊ ಕಡಿಮೆ ಇತ್ತು. ಯಾರೂ ಅದನ್ನು ಗಮನಿಸಲಿಲ್ಲ.

ದಸರೆ ರಜೆಯಲ್ಲಿ ಹೊರಟೆವು. ವಿಮಾನ ಗೋವಾದಿಂದ; ಅಂಕೋಲೆಯಿಂದ ಮಡಗಾಂವ ಬಸ್ಸು. ಗೆಳೆಯರಿಬ್ಬರೂ ಕಾರವಾರದಲ್ಲಿ ಹತ್ತುವವರು. ನಾನು ಸೀಟು ಹಿಡಿದು ಕೂತಿದ್ದೆ. ಮೈಕು ಕರಕರ ಎಂದಿತು. "ಪ್ರಯಾಣಿಕರ ಗಮನಕ್ಕೆ. ಅವರ್ಸಾ, ಕಾರವಾರ, ಮಡಗಾಂವ, ದಿಲ್ಲಿ, ಕಠ್ಮಂಡು, ಲುಕ್ಲಾ, ನಾಮ್ಚೆ ಮಾರ್ಗವಾಗಿ ಬೇಸ್ ಕ್ಯಾಂಪಿಗೆ ಹೋಗುವ ಬಸ್ಸು ಮೊದಲನೇ ಅಂಕಣದಲ್ಲಿ ನಿಂತಿದೆ." ಇಡೀ ಸ್ಟ್ಯಾಂಡು ನಕ್ಕಿತು. ಮೀನು ಬುಟ್ಟಿಯ ಹೆಂಗಸೊಬ್ಬಳು ಕಿಟಕಿಯಲ್ಲಿ ಇಣುಕಿ, ಟಿಕೆಟ್ ಎಷ್ಟಾಯ್ತು ಅಣ್ಣ ಎಂದು ಕೇಳಿದಳು. ಕಂಟ್ರೋಲರು ಹೊರಗೆ ಬಂದು ಸೀಟಿ ಊದಿದರು. ಹಾಗೆ ಊದುವ ಮೊದಲು, ಎಂದಿನಂತೆ, ಪೇಟೆಯ ತಿರುವಿನ ಕಡೆ ಒಮ್ಮೆ ನೋಡಿದರು, ಯಾರಾದರೂ ಓಡಿ ಬರುತ್ತಿದ್ದಾರೋ ಎಂದು.

ಚಾರಣದ ವರ್ಣನೆ ಇಲ್ಲಿ ಬೇಡ. ದಿಂಗ್ಬೋಚೆಯಲ್ಲಿ ನನಗೆ ತಲೆ ಸಿಡಿಯುತ್ತಿತ್ತು. ಮರುದಿನವೇ ಮುಂದೆ ಹೋಗಿದ್ದರೆ ನನ್ನನ್ನು ಹೊತ್ತು ಇಳಿಸಬೇಕಾಗುತ್ತಿತ್ತು ಎಂದು ಗೈಡ್ ಆಮೇಲೆ ಹೇಳಿದ. ಆದರೆ ಅಲ್ಲಿ ಕೆಂಪು ಗೆರೆ ಎರಡು ಸಲ ಎಳೆದಿತ್ತು. ಒಂದು ಇಡೀ ದಿನ ರಗ್ಗು ಹೊದ್ದು ಬಿದ್ದುಕೊಂಡೆ, ತಲೆ ಇಳಿಯಿತು. ಗೈಡ್ ದಾರಿಯುದ್ದಕ್ಕೂ ನೇಪಾಳಿಯಲ್ಲಿ "ಬಿಸ್ತಾರೈ, ಬಿಸ್ತಾರೈ" ಅನ್ನುತ್ತಿದ್ದ, ನಿಧಾನ ನಿಧಾನ ಎಂದು. ಎಲ್ಲರಿಗಿಂತ ಹಿಂದೆ, ಪ್ರತಿ ತಿರುವಿನಲ್ಲೂ ನಿಂತು ಬರುವ ಅರವತ್ತು ದಾಟಿದ ಪರದೇಶದ ಗಂಡಸರು, ಹೆಂಗಸರು ನಮ್ಮ ಜೊತೆಗೇ ತಲುಪುತ್ತಿದ್ದರು. ಅವರನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದೆ.

ಬೇಸ್ ಕ್ಯಾಂಪಿನಲ್ಲಿ ನೋಡಲು ಹೆಚ್ಚೇನಿಲ್ಲ. ಬೂದು ಕಲ್ಲು, ಕಲ್ಲಿನ ಕೆಳಗೆ ಐಸು, ಹರಿದ ಬಣ್ಣದ ಬಾವುಟಗಳು. ಅಲ್ಲಿಂದ ಎವರೆಸ್ಟಿನ ತುದಿ ಕಾಣುವುದೂ ಇಲ್ಲ. ಖರೇ ಕೊನೇ ಸ್ಟಾಪು. ಕೈಗವಸು ಕಳಚಿ ಶೆಡ್ಯೂಲಿನ ಕೊನೆಯ ಸಾಲು ನೋಡಿದೆ. ನೀಲಿಯಲ್ಲಿ ಬೇಸ್ ಕ್ಯಾಂಪು, ಕೆಂಪಿನಲ್ಲಿ ಹತ್ತು ನಿಮಿಷ ಎಂದಿತ್ತು. ಅದರ ಪಕ್ಕ ಕೆಂಪಿನಲ್ಲೇ ಸಣ್ಣ ಅಕ್ಷರ: ಇನ್ನೊಂದು ನಿಮಿಷ ಹೆಚ್ಚು ನಿಲ್ಲುವುದು. ಗಾಳಿ ಮುಖ ಕೊಯ್ಯುತ್ತಿತ್ತು. ಫೋಟೊ ತೆಗೆದಾಯಿತು. ಬ್ಯಾಂಕಿನವ ಇಳಿಯುವಾ ಎಂದ. ನಾವು ಅಲ್ಲಿ ನಿಂತದ್ದು ಏಳು ನಿಮಿಷ.

ವಾಪಸು ಬಂದ ಮೇಲೆ ಒಂದು ಬೂದು ಕಲ್ಲು ಅವರ ಕಿಂಡಿಯ ಮುಂದೆ ಇಟ್ಟೆ. ಅದನ್ನು ಅಂಗೈಯಲ್ಲಿ ತೂಗಿ ನೋಡಿದರು. ಅವರು ಕೇಳಿದ್ದು ಒಂದೇ, ಹನ್ನೊಂದು ನಿಮಿಷ ನಿಂತಿರಾ ಎಂದು. ನಿಂತೆವು ಎಂದೆ. ಇದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಇದು ಸಲೀಸಾಗಿ ಬಾಯಿಂದ ಬಂತು.

ಆಮೇಲೆ ನಾನು ಮೋಟರ್‌ಸೈಕಲ್ ಕೊಂಡೆ. ಸಮಯ ಉಳಿಯುತ್ತದೆ ಎಂದು ಮನೆಯಲ್ಲಿ ಹೇಳಿದೆ. ಬಸ್‌ಸ್ಟ್ಯಾಂಡಿನ ಮುಂದೆ ಹಾದು ಹೋಗುವಾಗ ಮೈಕು ಕೇಳುತ್ತಿತ್ತು. ನಿವೃತ್ತಿಗೆ ಆರು ತಿಂಗಳಿರುವಾಗ, ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತ ಅವರು ಜಗುಲಿಯ ಮೇಲೆ ಹಾಗೇ ಒರಗಿದರು. ಹೃದಯ. ಅವರ್ಸಾಕ್ಕೆ ಹೋಗಿ ನೋಡಿದೆ. ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ. ಮಡಚಿದ ಅಂಚು ಹಾಗೇ ಇತ್ತು.

ಅಂದು ದಾರಿಯಲ್ಲಿ ಬ್ಯಾಂಕಿನವ ಹೇಳಿದ, ಅವತ್ತು ಕರೆದುಕೊಂಡು ಹೋಗಿದ್ದರೆ ಅಲ್ಲೇ ಆಗುತ್ತಿತ್ತು ನೋಡು ಎಂದು. ನನಗೆ ಆದದ್ದು ಸಮಾಧಾನ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದೇ ಆದದ್ದು. ಹನ್ನೆರಡು ದಿನ ನಾನು ಆ ಸಮಾಧಾನದ ನೆರಳಿನಲ್ಲಿ ಆರಾಮಾಗಿ ಕೂತಿದ್ದೆ.

ಹದಿಮೂರನೆಯ ದಿನದ ಊಟಕ್ಕೆ ಹೋದೆ. ಅವರ ಹೆಂಡತಿ ಹತ್ತಿರ ಬಂದು ಕೂತರು. ನಿಮ್ಮ ಸಂಗಡ ಹೋಗುವವರಿದ್ದರು, ದೇವರು ಬಿಡಲಿಲ್ಲ, ಒಳ್ಳೆಯದೇ ಆಯಿತು, ಇನ್ನೂ ಒಂದೂವರೆ ವರ್ಷ ಕಣ್ಣೆದುರಿಗೆ ಇದ್ದರು ಎಂದರು. ನಾನು ತಲೆಯಾಡಿಸಿದೆ.

ಊಟವಾದ ಮೇಲೆ ತೆಂಗಿನ ಮಡಲಿನ ಚಪ್ಪರದ ಕೆಳಗೆ ಆ ಗುಡಿಯ ಭಟ್ಟರು ಸಿಕ್ಕಿದರು. ಬಸ್ಸಿನ ಪರಿಚಯಕ್ಕೆ ಬಂದಿದ್ದರು. ಅವರ ಮನೆ ಅಂಕೋಲೆ ಪೇಟೆಯಲ್ಲಿ. ದಿನಾ ಬೆಳಿಗ್ಗೆ ಮಂಜಗುಣಿಯ ಬಸ್ಸಿಗೆ ಹೋಗಿ ಪೂಜೆ ಮುಗಿಸಿ ಸಂಜೆ ಬರುವವರು. ಎರಡು ದಶಕ ಆ ಸ್ಟ್ಯಾಂಡಿನಲ್ಲಿ ನಿಂತ ನನಗೆ ಅದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಅವತ್ತು 'ಎಡ' ಎಂದಿದ್ದೆ.

"ನೀವೇ ಅಲ್ವ ಅವತ್ತು ಬಂದೋರು?" ಎಂದರು. "ಬಲ ಆಗಿಯೂ ಇವರು ಹೋಗ್ಲೇ ಇಲ್ಲ ನೋಡಿ."

ಅವರಿಗೆ ಅದನ್ನು ಹೇಳಿದ್ದಿರಾ ಎಂದು ಕೇಳಿದೆ. ನನ್ನ ಧ್ವನಿ ಹೇಗಿತ್ತೋ.

ಹೇಳುವುದೇನು, ಮರುದಿನ ಬೆಳಿಗ್ಗೆ ಬಸ್ಸಿಗೆ ಬಂದಾಗ, ಬಲ ಆಯಿತಲ್ಲ, ಯಾವಾಗ ಹೊರಡುವುದು ಎಂದು ವಿಚಾರಿಸಿದೆ ಎಂದರು ಭಟ್ಟರು. ಕಂಟ್ರೋಲರು ಸ್ವಲ್ಪ ಹೊತ್ತು ಇವರ ಮುಖವನ್ನೇ ನೋಡಿದರಂತೆ. ಆಮೇಲೆ ನಕ್ಕರಂತೆ.

"'ದೇವರು ಟಿಕೆಟ್ ಕೊಟ್ಟಾನೆ ಭಟ್ರೇ, ಕಂಡಕ್ಟರಿಗೆ ಮನಸ್ಸಿಲ್ಲ' ಅಂದ್ರು. ನಂಗೆ ತಿಳೀಲಿಲ್ಲ. ಮನೇಲಿ ಬೇಡ ಅಂದ್ರೇನೋ ಅಂದ್ಕಂಡೆ."

ಮರುದಿನವೇ. ಹಾಗಾದರೆ ಮೂವರಿಗೆಂದು ಮತ್ತೆ ಬರೆದ ಶೆಡ್ಯೂಲು, ನನ್ನ ಹೆಸರಿನ ಮುಂದೆ ಕಡಿಮೆಯಾದ ಎರಡು ಕಿಲೊ, ಮೈಕಿನ ಘೋಷಣೆ, ಕೆಂಪಿನಲ್ಲಿ ಬರೆದ ಆ ಒಂದು ನಿಮಿಷ, ಎಲ್ಲವೂ ಗೊತ್ತಾದ ಮೇಲಿನದು. ಹೆಂಡತಿಗೂ ಅವರು ನಿಜ ಹೇಳಿರಲಿಲ್ಲ. ನನ್ನ ಸುಳ್ಳನ್ನು ಮನೆಗೆ ಒಯ್ದು, ದೇವರ ಮಾತೆಂದು ಇಟ್ಟುಕೊಂಡಿದ್ದರು. ಗುಡ್ಡಳ್ಳಿಯಲ್ಲಿ ನನ್ನ ಉಪ್ಪು ಹೊತ್ತ ಹಾಗೆಯೇ. ಅಲ್ಲಿ ಹೋಗಿದ್ದರೆ ಅವರ ಹೃದಯ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಅದು ನಾನು ತೀರ್ಮಾನಿಸುವ ವಿಷಯವಾಗಿರಲಿಲ್ಲ ಎಂಬುದು ಮಾತ್ರ ಗೊತ್ತು.

ಅಂದು ಮನೆಗೆ ಬಂದು ಆ ಶನಿವಾರದ ಡೈರಿ ತೆಗೆದೆ. ದಿನಾ ಬರೆಯುವ ಅಭ್ಯಾಸವುಳ್ಳವನು ನಾನು. ನೆನಪು ಮೋಸ ಮಾಡುತ್ತದೆ, ಬರೆದದ್ದು ಮಾಡುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುವವನು. ಅಲ್ಲಿ ಇದ್ದದ್ದು ಇಷ್ಟು: ಮಧ್ಯಾಹ್ನ ಮಂಜಗುಣಿ ದಾರಿ. ಮಳೆ. ಪ್ರಸಾದ ಕೇಳಿಸಿ ಬಂದೆ. ತಿಳಿಸಿದೆ. ಯಾವ ಕಡೆಯದು ಬಿತ್ತು, ಏನು ತಿಳಿಸಿದೆ, ಒಂದೂ ಇಲ್ಲ. ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೆ.

ಡೈರಿಯನ್ನು ಮುಚ್ಚಿ ಇಟ್ಟೆ. ಅವರ್ಸಾದ ಆ ಜಗುಲಿಗೆ ಹೋಗಿ ಅವರ ಹೆಂಡತಿಗೆ ಹೇಳಬೇಕೆಂದು ಎರಡು ಸಲ ಹೊರಟೆ. ಎರಡೂ ಸಲ ಮನೆಯ ಮುಂದಿನ ತಿರುವಿನಿಂದ ಮೋಟರ್‌ಸೈಕಲ್ ತಿರುಗಿಸಿದೆ. ಆಕೆಗೆ ಉಳಿದಿರುವ ಆ ಒಂದೂವರೆ ವರ್ಷದ ಸಮಾಧಾನವನ್ನು ಕಸಿಯಬಾರದು ಎಂದು ಹೇಳಿಕೊಂಡೆ. ಇದೂ ನನಗೆ ಅನುಕೂಲವಾದ ಕಾರಣವೇ ಇರಬಹುದು.

ಇಂದು, ಇದನ್ನು ಇಷ್ಟರವರೆಗೆ ಬರೆದ ಮೇಲೆ, ಕೆಂಪು-ನೀಲಿ ಪೆನ್ಸಿಲ್ ಒಂದನ್ನು ಹುಡುಕಿ ತಂದೆ. ಈಗ ಅದು ಸಿಗುವುದೇ ಕಷ್ಟ. ಡೈರಿಯ ಆ ಪುಟ ತೆಗೆದು, ಖಾಲಿ ಜಾಗದಲ್ಲಿ, ಹಳೆಯ ಬರಹದೊಂದಿಗೆ ಬೆರೆತುಹೋಗದ ಹಾಗೆ ಕೆಂಪು ತುದಿಯಿಂದ ಬರೆದೆ: ಬಲ ಬಿತ್ತು. ಎಡ ಎಂದೆ.

ಬರೆಯುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.